ಹಸಿರು ಮೂವತ್ನಾಲ್ಕು

ಕತ್ತಿ ತಾಗಿ ಗಿರಾಕಿಯ ಕೆನ್ನೆ ಕೊಯ್ದರೆ ಯಾವ ಕ್ಷೌರಿಕನಿಗೂ ನಾಚಿಕೆಯಾಗುತ್ತದೆ. ಆದರೆ ಕೊಯ್ದ ಗಾಯದ ರಕ್ತ ತಟ್ಟನೆ ನಿಂತುಹೋಯಿತೆಂದು ಹೆದರಿ, ಇನ್ನೊಬ್ಬ ಗಿರಾಕಿಯನ್ನು ಅರ್ಧ ನೊರೆಯಲ್ಲೇ ಕೂರಿಸಿ, ಮನೆಗೆ ಓಡಿಬಂದ ಕ್ಷೌರಿಕ ಇಡೀ ಬೆಟಗೇರಿಯಲ್ಲಿ ಚನ್ನವೀರಪ್ಪ ಹಡಪದ ಒಬ್ಬನೇ ಇರಬೇಕು.

ಮಗಳು ಸುವರ್ಣಾ ಆಗ ಮಧ್ಯಾಹ್ನದ ಪಾಳಿಗೆ ಹೊರಡುವ ಮೊದಲು ರೊಟ್ಟಿ ಮುರಿಯುತ್ತಿದ್ದಳು.

"ಸುವರ್ಣಾ, ನಿಮ್ಮ ಆಫೀಸಿಗೆ ಹೋದ ಕೂಡ್ಲೇ ದಾವಲನ ನಂಬರ್ ನೋಡವಾ," ಎಂದ ಅಪ್ಪ, ಬಾಗಿಲಲ್ಲೇ ನಿಂತು. "ಅವನ ರಕ್ತ ಸರಿ ಇಲ್ಲ."

"ಏನಾಗೇತಿ ಅಪ್ಪಾ?"

"ಗದ್ದದ ಕೆಳಗ ಸ್ವಲ್ಪ ತಾಗ್ತು. ಹಚ್ಚಾಕ ಪಟಕದ ಕಲ್ಲು ತಗೊಳ್ಳಾಕ ಕೈ ಚಾಚೂದ್ರಾಗ ರಕ್ತ ನಿಂತಬಿಡ್ತು. ಎರಡೆರಡು ಔಷಧ ಮೈಯಾಗ ಹೊಂಟ ಮನಿಷ್ಯಾನ ರಕ್ತ ಹಂಗ ನಿಂದ್ರತೈತೇನು? ಹೋದ ಶನಿವಾರನೂ ಹಿಂಗ ಆಗಿತ್ತು, ನಾ ಲಕ್ಷ್ಯ ಕೊಡಲಿಲ್ಲ. ಇವತ್ತು ಖಾತ್ರಿ ಮಾಡ್ಕೊಳ್ಳೂಣಂತ ಕಿವಿ ಹಿಂದ ಸಣ್ಣಂಗ ಇನ್ನೊಂದು ಎಳದೆ."

ಸುವರ್ಣಾಳ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು. "ಬೇಕಂತ ಕೊಯ್ದ್ಯಾ?"

"ಸಣ್ಣಂಗ ಅಂದೆನಲ್ಲ! ಅದೂ ನಿಂತ್ತು. ಪೇಪರ್ ತುಣುಕು ಹಚ್ಚಿದೆ, ಒಂದ ಚುಕ್ಕಿ ಬಿತ್ತು, ಎರಡನೇದು ಬೀಳಲಿಲ್ಲ. ಆ ಹುಚ್ಚ ಕನ್ನಡಿಯೊಳಗ ನೋಡಿ, 'ಚನ್ನ್ಯಾ, ನಿನಗ ವಯಸ್ಸಾತು, ಕತ್ತಿ ಕೆಳಗಿಡು' ಅಂತ ನಗಾಕತ್ತಿದ್ದ."

ದಾವಲಸಾಬ ಎಂದರೆ ಬೆಟಗೇರಿಯ ಬ್ಯಾಂಡ್ ಮಾಸ್ತರ. ಸುತ್ತ ನಾಲ್ಕು ಊರಿನ ಮದುವೆಗಳಲ್ಲಿ ಅವನ ಕ್ಲಾರಿನೆಟ್ ಊದದೆ ವರ ಕುದುರೆ ಏರಿದ್ದಿಲ್ಲ. ಚನ್ನವೀರಪ್ಪನಿಗೂ ಅವನಿಗೂ ನಲವತ್ತು ವರ್ಷದ ಗೆಳೆತನ. ಅಂಗಡಿಗೆ ರಜೆಯ ಮಂಗಳವಾರ ಬಂದರೆ ಇಬ್ಬರೂ ಚಹಾದಂಗಡಿಯ ಕಟ್ಟೆಯ ಮೇಲೆ ಕೂತು ಊರಿನವರನ್ನೆಲ್ಲ ಆಡಿಕೊಳ್ಳುತ್ತಿದ್ದರು. ನಾಲ್ಕು ತಿಂಗಳ ಹಿಂದೆ ಒಂದು ಮದುವೆಯ ಮೆರವಣಿಗೆಯ ನಡುವೆ ದಾವಲಸಾಬ ಎದೆ ಹಿಡಿದುಕೊಂಡು ರಸ್ತೆಯಲ್ಲೇ ಕುಸಿದ. ಹೃದಯದ ರಕ್ತನಾಳಕ್ಕೆ ಎರಡು ಸ್ಟೆಂಟ್ ಹಾಕಿದರು, ಎಡತೋಳಿನ ಚರ್ಮದ ಕೆಳಗೆ ಒಂದು 'ಜೋಡಿ'ಯನ್ನೂ ಇಟ್ಟರು.

ಜೋಡಿ ಎಂದರೇನೆಂದು ಈ ಕಥೆ ನಡೆಯುವ ಕಾಲದಲ್ಲಿ ಯಾರೂ ಕೇಳುತ್ತಿರಲಿಲ್ಲ, ನಾವು ಕೇಳಬೇಕಾದೀತು. ರಕ್ತದಲ್ಲಿ ಪ್ಲೇಟ್‌ಲೆಟ್ ಎಂಬ ಸಣ್ಣ ಕಣಗಳಿರುತ್ತವೆ. ಗಾಯವಾದಲ್ಲಿ ಒಂದಕ್ಕೊಂದು ಅಂಟಿ ರಕ್ತ ನಿಲ್ಲಿಸುವುದು ಅವುಗಳ ಕೆಲಸ. ಪಾಪ, ಅವಕ್ಕೆ ಗಾಯ ಯಾವುದು, ಸ್ಟೆಂಟಿನ ತಂತಿ ಯಾವುದು ಗೊತ್ತಿಲ್ಲ. ಸ್ಟೆಂಟಿನ ಮೇಲೂ ಗುಂಪುಗೂಡಿ ಅಂಟಿಕೊಂಡರೆ ಅಲ್ಲೇ ಗಡ್ಡೆ ಕಟ್ಟಿ ನಾಳ ಮುಚ್ಚುತ್ತದೆ, ಮನುಷ್ಯ ಹೋಗುತ್ತಾನೆ. ಅಂಟು ಬಿಡಿಸಲು ಒಂದು ಔಷಧ ಸಾಲದು. ಒಂದು ಬಾಗಿಲು ಮುಚ್ಚಿದರೆ ಪ್ಲೇಟ್‌ಲೆಟ್‌ಗಳು ಇನ್ನೊಂದರಿಂದ ಒಂದನ್ನೊಂದು ಕರೆದುಕೊಳ್ಳುತ್ತವೆ. ಅದಕ್ಕೇ ಎರಡು ಔಷಧ, ಎರಡೂ ಬಾಗಿಲಿಗೆ. ಆದರೆ ಎರಡೂ ಸೇರಿ ಹೆಚ್ಚಾದರೆ ಹೊಟ್ಟೆಯಲ್ಲೋ ಮೆದುಳಿನಲ್ಲೋ ರಕ್ತ ಸೋರತೊಡಗುತ್ತದೆ, ನಿಲ್ಲುವುದಿಲ್ಲ. ಹಿಂದೆ ಎಲ್ಲರಿಗೂ ಒಂದೇ ಅಳತೆಯ ಮಾತ್ರೆ ಕೊಡುತ್ತಿದ್ದರು; ಕೆಲವರಿಗೆ ಅದು ಕಡಿಮೆಯಾಗುತ್ತಿತ್ತು, ಕೆಲವರಿಗೆ ಹೆಚ್ಚು. ಹುಣಸೆ ಬೀಜದಷ್ಟಿದ್ದ ಜೋಡಿ ಆ ಲೆಕ್ಕವನ್ನು ತಾನೇ ವಹಿಸಿಕೊಂಡಿತ್ತು. ಒಂದು ತುದಿಯಿಂದ ರಕ್ತದ ಅಂಟು ನೋಡುವುದು, ಇನ್ನೊಂದು ತುದಿಯಿಂದ ಎರಡು ಔಷಧವನ್ನು ಆ ಹೊತ್ತಿಗೆ ಬೇಕಾದ ಹದದಲ್ಲಿ ಬೆರೆಸಿ ಬಿಡುವುದು. ಅಂಟಿನ ಅಂಕಿ ಮೂವತ್ತರಿಂದ ನಲವತ್ತೈದರೊಳಗಿದ್ದರೆ ಹಸಿರು, ಅರವತ್ತು ದಾಟಿದರೆ ಕೆಂಪು, ಇಪ್ಪತ್ತಕ್ಕಿಂತ ಇಳಿದರೂ ಕೆಂಪು.

ಗದಗಿನ ಗಾವಲು ಕೇಂದ್ರದಲ್ಲಿ ಕೂತು ಜಿಲ್ಲೆಯ ಸಾವಿರದ ನೂರಾ ನಲವತ್ತಾರು ಜೋಡಿಗಳ ಅಂಕಿ ಕಾಯುವುದು ಸುವರ್ಣಾಳ ನೌಕರಿ. ಆ ಮಧ್ಯಾಹ್ನ ಕುರ್ಚಿಯಲ್ಲಿ ಕೂರುವ ಮೊದಲೇ ದಾವಲಸಾಬನ ಹೆಸರು ತೆರೆದಳು. ಮೂವತ್ನಾಲ್ಕು. ಹಸಿರು. ನಿನ್ನೆ ಮೂವತ್ಮೂರು, ಮೊನ್ನೆ ಮೂವತ್ನಾಲ್ಕು. ನಾಲ್ಕು ತಿಂಗಳ ಗೆರೆ ಕೆರೆಯ ನೀರಿನ ಹಾಗೆ ಸಪಾಟಾಗಿತ್ತು. ಅಬ್ಬಾ ಎಂದು ಅವಳಿಗೆ ಸಮಾಧಾನವಾಯಿತು. ಅಪ್ಪನ ಮೇಲೆ ಸ್ವಲ್ಪ ಸಿಟ್ಟೂ ಬಂತು.

ಆದರೂ ಮನಸ್ಸು ಕೇಳಲಿಲ್ಲ. ಅಪ್ಪ ನಲವತ್ತೆರಡು ವರ್ಷ ಕತ್ತಿ ಹಿಡಿದವನು. ಮಾತ್ರೆಗಳ ಕಾಲದಲ್ಲಿ ಯಾರು ಎರಡು ಮಾತ್ರೆ ತಿನ್ನುತ್ತಾರೆ, ಯಾರು ಒಂದನ್ನು ಬಿಟ್ಟಿದ್ದಾರೆ ಎಂದು ಅವರ ಹೆಂಡಂದಿರಿಗಿಂತ ಮೊದಲು ಅವನಿಗೆ ತಿಳಿಯುತ್ತಿತ್ತು. ಅವಳು ಎದ್ದು ಡಾಕ್ಟರ್ ಮೃಣಾಲಿನಿ ಕೌಜಲಗಿಯವರ ಕೋಣೆಗೆ ಹೋದಳು. ಕೇಂದ್ರದ ಮುಖ್ಯಸ್ಥೆ ಅವರು. ಜಿಲ್ಲೆಗೆ ಜೋಡಿ ತಂದವರೂ ಅವರೇ.

ಡಾಕ್ಟರು ಪೂರ್ತಿ ಕೇಳಿಸಿಕೊಂಡರು, ನಗಲಿಲ್ಲ. "ಸುವರ್ಣಾ, ನಿಮ್ಮ ತಂದೀ ಬಗ್ಗೆ ನನಗ ಗೌರವ ಅದ. ಆದ್ರ ಈಗ ನಾ ಏನ್ ಮಾಡಲಿ? ಅಂಕಿ ಮೂವತ್ನಾಲ್ಕು ಅದ. ಕತ್ತಿ ಗಾಯ ನೋಡಿ ಔಷಧ ಏರಿಸಿದ್ರ, ಅಂಕಿ ಖರೇ ಇದ್ರ, ನಾಳಿಗೆ ಅವರ ಮಿದುಳಿನ್ಯಾಗ ರಕ್ತ ಸೋರತದ. ಮಾತ್ರೆ ಕಾಲದಾಗ ನಾ ಹಂಗ ಒಬ್ಬರನ್ನ ಕಳಕೊಂಡೀನಿ. ಕೊಟ್ಟಾಕಿ ನಾನ."

"ಮೇಡಂ, ಮೊದಲ ಕಿವಿ ಚುಚ್ಚಿ, ಪೇಪರಿಗೆ ಒತ್ತಿ, ರಕ್ತ ನಿಲ್ಲೂ ಹೊತ್ತು ನೋಡ್ತಿದ್ರಲ್ರೀ. ಕಾಲೇಜಿನ್ಯಾಗ ಓದೀವಿ. ನಮ್ಮಪ್ಪ ಮಾಡಿದ್ದೂ ಅದನ್ನ."

"ಆ ಪರೀಕ್ಷಾ ನೆಚ್ಚಿಗೆ ಇಲ್ಲಂತ ಬಿಟ್ಟು ಎಷ್ಟ ವರ್ಷಾತು." ಡಾಕ್ಟರು ಸ್ವಲ್ಪ ಹೊತ್ತು ಪೆನ್ನು ತಿರುವಿದರು. "ಒಂದ ಕೆಲಸ ಮಾಡ್ರಿ. ನಾಳೆ ಮುಂಜಾನೆ ಅವರ ಮನಿಗೆ ಹೋಗ್ರಿ. ಬೆರಳ ರಕ್ತ ತಗೊಂಡು, ಅಂಟು ತೋರಸೂ ಕಾಗದಪಟ್ಟಿ ಪರೀಕ್ಷಾ ಮಾಡ್ರಿ. ನಿಮ್ಮ ತಂದೀಗೂ ಸಮಾಧಾನ ಆಗಲಿ."

ಮರುದಿನ ಬೆಳಿಗ್ಗೆ ಒಂಬತ್ತಕ್ಕೆ ದಾವಲಸಾಬನ ಮನೆಯಂಗಳದಲ್ಲಿ ಬ್ಯಾಂಡಿನ ವ್ಯಾನು ನಿಂತಿತ್ತು, ಡ್ರಮ್ಮುಗಳು ಒಳಗೇರಿದ್ದವು. ಸ್ಟೆಂಟ್ ಹಾಕಿದ ಮೇಲೆ ಅವನು ಮೊದಲ ಸಲ ಊದುವ ಮದುವೆ ಅದು. ಕೆಂಪು ಕೋಟು, ಮುಂಗೈವರೆಗೆ ತೋಳು, ಹಿತ್ತಾಳೆ ಗುಂಡಿ, ಎಲ್ಲ ತೊಟ್ಟು ಸಿದ್ಧನಾಗಿ ಕೂತಿದ್ದ. ಚನ್ನವೀರಪ್ಪ ಆಗಲೇ ಬಂದು ಅವನೊಡನೆ ಜಗಳ ತೆಗೆದಿದ್ದ.

"ಹೋಗಬ್ಯಾಡಂದ್ರ ಹೋಗಬ್ಯಾಡ!"

"ಕೊಯ್ದಾಂವಾ ನೀನು, ಉಪದೇಶ ಮಾಡಾಂವಾನೂ ನೀನ. ಬಾರವಾ ಸುವರ್ಣಾ, ನಿಮ್ಮಪ್ಪಗ ಎರಡು ಮಾತ್ರೆ ಕೊಡು, ತಲಿ ತಣ್ಣಗಾಗ್ಲಿ." ನಕ್ಕನೇನೋ ನಿಜ, ಆದರೆ ಹಣೆಯ ಮೇಲೆ ಬೆವರಿತ್ತು. ಹೆಂಡತಿ ಹಜರತಬಿ ಅದನ್ನೇ ನೋಡುತ್ತಾ ಚಹಾದ ಬಟ್ಟಲು ಹಿಡಿದು ನಿಂತಿದ್ದಳು.

ಸುವರ್ಣಾ ಅವನ ಬಲಗೈ ಬೆರಳು ಚುಚ್ಚಿ ಪಟ್ಟಿಗೆ ಹನಿ ಹಾಕಿದಳು. ಎರಡು ನಿಮಿಷ. ಎಂಬತ್ತೊಂದು. ಪಟ್ಟಿ ಕೆಟ್ಟಿರಬೇಕೆಂದು ಹೊಸದು ತೆಗೆದಳು. ಎಂಬತ್ತು. ಮಡಿಲಲ್ಲಿದ್ದ ಟ್ಯಾಬ್ ಮಾತ್ರ ದಾವಲಸಾಬನ ಹೆಸರಿನ ಮುಂದೆ ಹಸಿರು ಮೂವತ್ನಾಲ್ಕನ್ನೇ ತೋರಿಸುತ್ತಿತ್ತು. ಒಬ್ಬನೇ ಮನುಷ್ಯನಲ್ಲಿ ಎರಡು ನಮೂನೆ ರಕ್ತ ಹರಿಯಲು ಸಾಧ್ಯವೇ?

ಡಾಕ್ಟರಿಗೆ ಫೋನು ಹಚ್ಚಿದಳು. ಎರಡೂ ಅಂಕಿ ಹೇಳಿದಳು.

"ಪಟ್ಟಿ ಎರಡೂ ಒಂದ ಡಬ್ಬಿದೇನು?"

"ಹೌದ್ರಿ."

"ಡಬ್ಬಿನ ಕೆಟ್ಟಿರಬಹುದು, ಸುವರ್ಣಾ. ಯಾವದನ್ನ ನಂಬಲಿ?"

ಅಷ್ಟರಲ್ಲಿ ದಾವಲಸಾಬ ಎದೆಯ ನಡುವೆ ಅಂಗೈ ಇಟ್ಟುಕೊಂಡ. "ಏನಿಲ್ಲ, ಗ್ಯಾಸ್ ಆಗೇತಿ. ಮುಂಜಾನಿ ಮಿರ್ಚಿ ತಿಂದಿದ್ದೆ," ಎಂದ. ಬಟ್ಟಲು ಹಜರತಬಿಯ ಕೈಯಿಂದ ಜಾರಿ ನೆಲಕ್ಕೆ ಬಿತ್ತು. ನಾಲ್ಕು ತಿಂಗಳ ಹಿಂದೆಯೂ ಅವನು ಮೊದಲು ಆಡಿದ್ದು ಇದೇ ಮಾತನ್ನು.

"ಗಾಡಿ ತಗೀರೋ! ದವಾಖಾನಿಗೆ ನಡೀರಿ!" ಎಂದು ಚನ್ನವೀರಪ್ಪ ಕೂಗಿದ. ಡ್ರಮ್ಮುಗಳು ದಡದಡ ಅಂಗಳಕ್ಕೆ ಉರುಳಿದವು. ಸುವರ್ಣಾ ಫೋನನ್ನು ಕಿವಿಗೆ ಒತ್ತಿಕೊಂಡೇ ಇದ್ದಳು. ಅವಳ ಚೀಲದಲ್ಲಿ ಎರಡೂ ಮಾತ್ರೆಗಳಿದ್ದವು, ಯಂತ್ರ ಕೈಕೊಟ್ಟರೆ ಇರಲಿ ಎಂದು ಕೇಂದ್ರ ಕೊಟ್ಟವು. ಈಗ ಕೊಟ್ಟರೆ ಬದುಕಬಹುದು, ಜೋಡಿಯ ಅಂಕಿ ನಿಜವಾಗಿದ್ದರೆ ಸಾಯಬಹುದು. ಡಾಕ್ಟರ ಒಪ್ಪಿಗೆಯಿಲ್ಲದೆ ಕೊಡುವಂತಿಲ್ಲ. ಡಾಕ್ಟರೋ ಉಸಿರು ಬಿಡುವುದಷ್ಟೇ ಕೇಳುತ್ತಿತ್ತು.

ವ್ಯಾನಿನಲ್ಲಿ ದಾವಲಸಾಬನನ್ನು ಸೀಟಿಗೆ ಒರಗಿಸಿದರು. ಹಜರತಬಿ ಪಕ್ಕದಲ್ಲಿ ಕೂತವಳೇ ಗಂಡನ ಕೋಟಿನ ಎಡತೋಳು ಕಳಚಿ, ಅಂಗಿಯೊಳಗೆ ಕೈ ತೂರಿಸಿ ಏನನ್ನೋ ಜಗ್ಗಿ ಬಿಚ್ಚಿ, ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ಯಾರೂ ನೋಡಬಾರದೆಂದು ಅವಸರದಲ್ಲಿ ಮಾಡಿದ ಕೆಲಸ. ಸುವರ್ಣಾಳೂ ನೋಡುತ್ತಿರಲಿಲ್ಲ, ಅವಳ ಕಣ್ಣು ಟ್ಯಾಬಿನ ಮೇಲಿತ್ತು.

ಮೂವತ್ನಾಲ್ಕು ಮೂವತ್ತೊಂಬತ್ತಾಯಿತು. ವ್ಯಾನು ಮುಖ್ಯರಸ್ತೆಗೆ ತಿರುಗುವುದರಲ್ಲಿ ಐವತ್ತೆಂಟು. ಮರುನಿಮಿಷ ಎಪ್ಪತ್ತೇಳು, ಕೆಂಪು, ಗಂಟೆ ಬಡಿಯತೊಡಗಿತು.

ನಾಲ್ಕು ತಿಂಗಳು ಮಲಗಿದ್ದ ಅಂಕಿ ಈಗಲೇ ಯಾಕೆ ಎದ್ದಿತು? ಸುವರ್ಣಾ ತಲೆ ಎತ್ತಿದಳು. ಅಂಗಿ ಮೇಲೆ ಸರಿದಿದ್ದ ದಾವಲಸಾಬನ ತೋಳಿನಲ್ಲಿ, ಜೋಡಿ ಇದ್ದ ಜಾಗದ ತುಸು ಮೇಲೆ, ದಾರ ಒತ್ತಿದ ಗೆರೆ ಆಳವಾಗಿ ಮೂಡಿತ್ತು.

"ಕಾಕಿ, ಈಗ ಏನ್ ಬಿಚ್ಚಿದ್ರಿ?"

"ಏನಿಲ್ಲವಾ."

"ಕಾಕಿ, ನಿಮ್ಮ ಕೈ ಮುಗೀತೀನಿ. ಬೈಯ್ಯಂಗಿಲ್ಲ. ಏನದು?"

ಹಜರತಬಿ ಅಳುತ್ತಾ ಸೆರಗಿನ ಗಂಟು ಬಿಚ್ಚಿ ತೋರಿಸಿದಳು. ಕಪ್ಪು ದಾರದ ತಾಯತ. "ಆ ಮಷಿನ್ ಇಟ್ಟ ದಿವಸಾನ ಕಟ್ಟೀನವಾ, ಯಾರ ಕಣ್ಣೂ ತಾಗಬಾರ್ದಂತ. ದವಾಖಾನಿಯವರು ಬೈತಾರ, ಅದಕ್ಕ ಅಲ್ಲಿಗೆ ಹೋಗೂಮುಂದ ಬಿಚ್ಚತೀನಿ. ಮನಿಗೆ ಬಂದ ಕೂಡ್ಲೇ ಮತ್ತ ಕಟ್ಟತೀನಿ."

ಸುವರ್ಣಾಳಿಗೆ ಎಲ್ಲ ಒಮ್ಮೆಲೇ ಹೊಳೆಯಿತು. ಬಿಗಿದ ದಾರದ ಕೆಳಗೆ ಚರ್ಮದ ರಕ್ತ ನಿಧಾನವಾಗುತ್ತದೆ. ಜೋಡಿ ಬಿಟ್ಟ ಔಷಧ ಮುಂದೆ ಸಾಗದೆ ಅಲ್ಲೇ ನಿಲ್ಲುತ್ತದೆ. ಜೋಡಿ ತನ್ನ ಔಷಧವನ್ನೇ ತಾನು ಮತ್ತೆ ಮತ್ತೆ ರುಚಿ ನೋಡಿ, ಅಂಟು ಸರಿಯಾಗಿದೆ, ಇನ್ನಷ್ಟು ಕಡಿಮೆ ಮಾಡೋಣ ಎಂದುಕೊಳ್ಳುತ್ತದೆ. ಉಳಿದ ಮೈಗೆ ಔಷಧವೇ ಇಲ್ಲ!

"ಮೇಡಂ, ಪಟ್ಟಿ ಖರೇ ಐತ್ರಿ! ಜೋಡಿ ಮ್ಯಾಲೆ ದಾರ ಬಿಗದಿದ್ರು, ಈಗ ಬಿಚ್ಯಾರ, ನಿಮ್ಮ ಪರದೆ ನೋಡ್ರಿ!"

ಡಾಕ್ಟರು ಈ ಸಲ ಒಂದು ಕ್ಷಣವೂ ತಡಮಾಡಲಿಲ್ಲ. "ಎರಡೂ ಮಾತ್ರೆ ಕೊಡ್ರಿ. ಒಂದನ್ನ ಅಗೀಲಿ, ಇನ್ನೊಂದನ್ನ ನುಂಗಲಿ. ನಾ ಆಪರೇಶನ್ ಕೋಣಿ ತಯಾರಿಡತೀನಿ."

ದಾವಲಸಾಬ ಮಾತ್ರೆ ಅಗಿದು ಮುಖ ಹಿಂಡಿದ. "ಚನ್ನ್ಯಾ," ಎಂದ ಸಣ್ಣ ದನಿಯಲ್ಲಿ, "ಮದವಿಯವರಿಗೆ ಹೇಳಿಕಳಸು. ನಮ್ಮ ಹಾದಿ ಕಾಯ್ತಾರ."

"ನೀ ಮೊದಲ ಉಳಿಯಲೇ," ಎಂದ ಚನ್ನವೀರಪ್ಪ. ಗೆಳೆಯನ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ದಾರಿಯುದ್ದಕ್ಕೂ ಅತ್ತ, ಯಾರಿಗೂ ಮುಚ್ಚಿಡಲಿಲ್ಲ.

ದಾವಲಸಾಬ ಉಳಿದ. ಒಂದು ಸ್ಟೆಂಟಿನೊಳಗೆ ಗಡ್ಡೆ ಕಟ್ಟತೊಡಗಿ ಅರ್ಧ ದಾರಿ ಮುಚ್ಚಿತ್ತು, ಇನ್ನೂ ಮೆತ್ತಗಿತ್ತು. ಅದನ್ನು ಹೀರಿ ತೆಗೆದರು. ಮಾತ್ರೆಗಳು ಹೊಸ ಅಂಟು ಕೂಡದಂತೆ ನೋಡಿಕೊಂಡವು. ಸಂಜೆಗೆ ಎದ್ದು ಕೂತು, ಮದುವೆಯಲ್ಲಿ ತನ್ನ ಬದಲು ಯಾರು ಊದಿದರೆಂದು ಕೇಳಿ, ಹೆಸರು ಗೊತ್ತಾದ ಮೇಲೆ "ಅಂವಗ ಸ್ವರ ಬರಂಗಿಲ್ಲ" ಎಂದು ಗೊಣಗಿದ.

ಕೇಂದ್ರದಲ್ಲಿ ಡಾಕ್ಟರೂ ಸುವರ್ಣಾಳೂ ಅವನ ನಾಲ್ಕು ತಿಂಗಳ ಗೆರೆಯನ್ನು ಮತ್ತೆ ತೆರೆದರು. ಯಂತ್ರ ತಯಾರಿಸಿದವರು ದಡ್ಡರಾಗಿರಲಿಲ್ಲ. ತೋಳಿನ ಮೇಲೆ ಭಾರ ಬಿದ್ದರೆ ಜೋಡಿ ಕೂಗುತ್ತಿತ್ತು. ಆದರೆ ತೋಳಿನ ಸಹಜ ಒತ್ತಡ ಎಷ್ಟೆಂದು ಅದು ಮೊದಲ ಮೂರು ದಿನದಲ್ಲಿ ಕಲಿಯುತ್ತಿತ್ತು. ತಾಯತ ಮೊದಲ ದಿನವೇ ಕಟ್ಟಿದ್ದರಿಂದ ಅದನ್ನೇ ಸಹಜವೆಂದು ಕಲಿತಿತ್ತು. ಆಸ್ಪತ್ರೆಗೆ ಬಂದ ದಿನಗಳಲ್ಲಿ ದಾವಲಸಾಬನ ಅಂಕಿ ಪ್ರತಿಸಲವೂ ಏರಿದ್ದೂ ಕಂಡಿತು. ಆ ಏರಿಕೆಯನ್ನು ಯಂತ್ರವೇ ಗೆರೆಯಿಂದ ತೆಗೆದು ಬದಿಗಿಟ್ಟಿತ್ತು. ಆಸ್ಪತ್ರೆಯ ಭಯಕ್ಕೆ ಅಂಟು ಏರುತ್ತದೆ, ಆ ದಿನದ ಅಂಕಿಯನ್ನು ಲೆಕ್ಕಕ್ಕೆ ಹಿಡಿಯಬೇಡ ಎಂದು ಅದಕ್ಕೆ ಹೇಳಿಕೊಟ್ಟವರು ಡಾಕ್ಟರ್ ಕೌಜಲಗಿಯವರೇ.

ಅವರು ಬದಿಗಿಟ್ಟ ಏರಿಕೆಗಳನ್ನು ಒಂದೊಂದಾಗಿ ಎಣಿಸಿದರು. ಕೊನೆಗೆ, "ಇಂಥಾವರು ಇನ್ನೆಷ್ಟು ಜನ ಅದಾರ?" ಎಂದರು.

ಮರುದಿನ ಬೆಳಗಿನಿಂದ ಫೋನು ಹಚ್ಚಲು ಕೂತರು. "ನಮಸ್ಕಾರ್ರೀ, ತೋಳಿಗೆ ದಾರ, ತಾಯತ ಏನರ ಕಟ್ಟೀರೇನ್ರೀ?" ಮಧ್ಯಾಹ್ನದೊಳಗೆ ಇನ್ನೂರಾ ಹನ್ನೆರಡು ಮನೆಗೆ ಕೇಳಿದರು. ಇನ್ನೂರಾ ಒಂಬತ್ತು ಮನೆಯವರು ಇಲ್ಲವೆಂದರು. "ಛೇ ಛೇ, ನಾವು ಅಂಥಾದ್ದೆಲ್ಲಾ ನಂಬೂದಿಲ್ರೀ," ಎಂದು ಒಬ್ಬ ನಿವೃತ್ತ ಮಾಸ್ತರರು ಬೇಸರಪಟ್ಟುಕೊಂಡೇ ಫೋನಿಟ್ಟರು.

"ಸುಳ್ಳು ಹೇಳ್ತಾರ್ರೀ!" ಎಂದು ಸುವರ್ಣಾ ಹೆಡ್‌ಫೋನ್ ಕಿತ್ತು ಮೇಜಿಗೆ ಎಸೆದಳು. ಅವಳಿಗೆ ಅಳು ಬರುವಷ್ಟು ಸಿಟ್ಟು. ಅಷ್ಟರಲ್ಲಿ ಹಜರತಬಿ ವ್ಯಾನಿನಲ್ಲಿ ಸೆರಗಿನ ಗಂಟು ಹಿಡಿದು "ಏನಿಲ್ಲವಾ" ಎಂದದ್ದು ಕಣ್ಣಮುಂದೆ ಬಂತು. ಇವರೆಲ್ಲ ಸುಳ್ಳುಗಾರರಲ್ಲ. ಬೈಸಿಕೊಂಡು ಬೈಸಿಕೊಂಡು ಮುಚ್ಚಿಡುವುದನ್ನು ಕಲಿತವರು. ಮತ್ತೆ ಹೆಡ್‌ಫೋನ್ ಹಾಕಿಕೊಂಡು ಅದೇ ಮಾಸ್ತರರಿಗೆ ಫೋನು ಹಚ್ಚಿದಳು.

"ಮತ್ತ ನಾನ್ರೀ ಸರ್. ಒಂದ ಮರತೆ. ತೋಳಿಗೆ ಯಾವ ದೇವರದು ಕಟ್ಟೀರಿ?"

ಅತ್ತ ಗಂಟಲು ಸರಿಪಡಿಸಿಕೊಂಡ ಸದ್ದು. "ವೀರಭದ್ರದೇವರದು. ನಮ್ಮ ಮನಿಯಾಕಿ ಕಟ್ಯಾಳ. ನನಗ ನಂಬಿಕಿ ಇಲ್ಲ, ಆಕೀ ಸಮಾಧಾನಕ್ಕ."

"ಬಿಚ್ಚಿ ಒಗೀಬ್ಯಾಡ್ರಿ ಸರ್. ಬಲಗೈಗೆ ಕಟ್ಟಿಕೊಳ್ರಿ, ಸಡಿಲ ಇರಲಿ. ದೇವರು ಎರಡೂ ತೋಳಿಗೆ ಇರ್ತಾನಲ್ರೀ."

ಆ ಪ್ರಶ್ನೆಯೊಂದು ಬಾಗಿಲು ತೆಗೆದಂತಾಯಿತು. ಜನ ಹೇಳಿದ್ದೇ ಹೇಳಿದ್ದು: ಯಾವ ಗುಡಿಯದು, ಯಾರು ತಂದರು, ಕಟ್ಟುವಾಗ ಎಷ್ಟು ಗಂಟು ಹಾಕಿದರು. ಬಲಗೈಗೆ ಬದಲಿಸಿದ ಕೂಡಲೇ ಪರದೆಯಲ್ಲಿ ಒಂದೊಂದೇ ಹಸಿರು ಕೆಂಪಾಗಿ ಗಂಟೆ ಬಡಿಯುತ್ತಿತ್ತು. ಒಂದೆರಡು ತಾಸಿನಲ್ಲಿ ಜೋಡಿ ತಾನೇ ಔಷಧ ಏರಿಸಿ ಅಂಕಿಯನ್ನು ಇಳಿಸುತ್ತಿತ್ತು. ನಾಲ್ಕು ದಿನ ಈ ಗದ್ದಲ. ನೂರಾ ಮೂವತ್ತೆಂಟು ತೋಳುಗಳು ಸಿಕ್ಕವು. ದಾವಲಸಾಬನಷ್ಟು ಕೆಟ್ಟ ಸ್ಥಿತಿಗೆ ಯಾರೂ ಇನ್ನೂ ಹೋಗಿರಲಿಲ್ಲ.

ನಾಲ್ಕನೆಯ ದಿನ ಸಂಜೆ ಪಟ್ಟಿಯಲ್ಲಿ ಒಂದೇ ಹೆಸರು ಉಳಿಯಿತು: ಕಮಲಾದೇವಿ ಕೌಜಲಗಿ, ವಯಸ್ಸು ಎಪ್ಪತ್ತಾರು, ಅಂಕಿ ಮೂವತ್ತಾರು, ಹಸಿರು.

"ಅದನ್ನ ಬಿಡ್ರಿ," ಎಂದರು ಡಾಕ್ಟರು. "ನಮ್ಮವ್ವ. ನಾನ ಇಟ್ಟ ಜೋಡಿ. ನಮ್ಮ ಮನಿಯಾಗ ಅಂಥಾದ್ದೆಲ್ಲ ಇಲ್ಲ."

"ಪಟ್ಟಿ ಪೂರ್ತಿ ಆಗಲಿ ಮೇಡಂ," ಎಂದು ಸುವರ್ಣಾ ಸ್ಪೀಕರಿನಲ್ಲಿ ಫೋನು ಹಚ್ಚಿಯೇಬಿಟ್ಟಳು. ಅತ್ತಲಿಂದ ಬಂದ ದನಿ ಕೋಣೆಗೆಲ್ಲ ಕೇಳಿಸಿತು.

"ನಮಸ್ಕಾರ್ರೀ ಅಮ್ಮಾರ. ಗಾವಲು ಕೇಂದ್ರದಿಂದ. ತೋಳಿಗೆ ಯಾವ ದೇವರದು ಕಟ್ಟೀರಿ?"

"ಮಗಳು ಅಲ್ಲೇ ಅದಾಳೇನವಾ?"

ಸುವರ್ಣಾ ಡಾಕ್ಟರ ಮುಖ ನೋಡಿದಳು. "ಅದಾರ್ರೀ."

"ಹಂಗಾರ ಏನೂ ಕಟ್ಟಿಲ್ಲ."

ಸುವರ್ಣಾ ತುಟಿ ಕಚ್ಚಿ ನಗು ತಡೆದಳು. ಡಾಕ್ಟರು ನಗಲಿಲ್ಲ. ಎದ್ದು ಬಂದು ಮೇಜಿನ ಮೇಲೆ ಎರಡೂ ಕೈ ಊರಿ ಫೋನಿನ ಹತ್ತಿರ ಬಾಗಿದರು. ಗಾವಲು ಕೇಂದ್ರದ ಮುಖ್ಯಸ್ಥೆಯ ದನಿ ಅಲ್ಲಿರಲಿಲ್ಲ.

"ಅವ್ವಾ, ನಾನು. ಯಾವ ದೇವರದವಾ?"

ಮುದುಕಿಯ ದನಿ ಇಳಿಯಿತು. "ಬೈಯಬ್ಯಾಡ ಮೃಣಾಲಿ. ಗುಡ್ಡದ ಮಲ್ಲಯ್ಯಂದು. ನನ್ನ ಸಲುವಾಗಿ ಅಲ್ಲವಾ, ನಿನ್ನ ಹೆಸರಿಲೆ ಕಟ್ಟೀನಿ. ನೀ ಮಂದಿ ಜೀವ ಕಾಯಾಕತ್ತೀದಿ, ಊಟಕ್ಕೂ ಬರಂಗಿಲ್ಲ. ನಿನ್ನ ಯಾರು ಕಾಯಬೇಕು?"

ಡಾಕ್ಟರ ಕಣ್ಣಿನಿಂದ ನೀರು ಮೇಜಿನ ಮೇಲೆ ಬಿತ್ತು, ಅವರು ಒರೆಸಲಿಲ್ಲ. "ಬಲಗೈಗೆ ಕಟ್ಟಿಕೊ ಅವ್ವಾ. ಸಡಿಲಂಗ ಕಟ್ಟಿಕೊ. ಬಿಚ್ಚಬ್ಯಾಡ ಮತ್ತ."

"ಒಂದ ಕೈಲೆ ಗಂಟು ಬೀಳವಲ್ದಲ್ಲ."

"ಬಿಚ್ಚಿ ಕೈಯಾಗ ಹಿಡಕೊಂಡು ಕುಂದ್ರು. ನಾ ಬಂದು ಕಟ್ಟತೀನಿ."

ಪರದೆಯಲ್ಲಿ ಮೂವತ್ತಾರು ನಲವತ್ತೇಳಾಯಿತು, ಅರವತ್ತೆರಡಾಯಿತು. ಗಂಟೆ ಬಡಿಯಿತು. ಡಾಕ್ಟರ್ ಕೌಜಲಗಿ ಆ ಕೆಂಪನ್ನು ಒಂದು ಕ್ಷಣ ನೋಡಿ, "ಅದರ ಮ್ಯಾಲೆ ಕಣ್ಣಿಡು ಸುವರ್ಣಾ," ಎಂದರು. ಮೇಜಿನ ಮೇಲಿದ್ದ ಫೈಲುಗಳನ್ನು ಹಾಗೇ ಬಿಟ್ಟು, ಚಪ್ಪಲಿ ಮೆಟ್ಟಿ, ಇನ್ನೂ ಬೆಳಕಿರುವಾಗಲೇ ಮನೆಗೆ ಹೊರಟರು.